ವಿಶ್ವವಿದ್ಯಾಲಯದಲ್ಲಿ ಭಾರತೀಯ ಕಲೆ: ವೆಸ್ಲಿಯನ್ ನವರಾತ್ರಿ ಉತ್ಸವದ ಹಿಂದಿನ ಪಾಠಪರಂಪರೆ

ವಿಶ್ವವಿದ್ಯಾಲಯದ ಆವರಣದೊಳಗೆ ಕಲೆಯು ಪ್ರವೇಶಿಸುವುದು ಬಹುತೇಕ ಸಮಾರಂಭದ ನೆಪದಲ್ಲಿ. ಸಂಸ್ಥಾಪನಾ ದಿನವೋ, ಯುವಜನೋತ್ಸವವೋ, ಗಣ್ಯರ ಭೇಟಿಯೋ ಒದಗಿದಾಗ ಹೊರಗಿನಿಂದ ಕಲಾವಿದರನ್ನು ಬರಮಾಡಿಕೊಂಡು, ಕಛೇರಿ ಮುಗಿದ ಬಳಿಕ ಶಾಲು ಹೊದಿಸಿ, ಹಾರ ಹಾಕಿ ಬೀಳ್ಕೊಡುವುದು ನಡೆದುಬಂದ ರೂಢಿ. ಮರುದಿನ ಸಭಾಂಗಣದಲ್ಲಿ ಕುರ್ಚಿಗಳಷ್ಟೇ ಉಳಿದಿರುತ್ತವೆ. ಕಲೆಯನ್ನು ಪ್ರತಿನಿತ್ಯದ ಪಾಠವಾಗಿ ಒಳಗಿಟ್ಟುಕೊಂಡು, ಆ ಪಾಠದ ಫಲವಾಗಿ ಸಮಾರಂಭವನ್ನು ನಡೆಸುವ ವಿಶ್ವವಿದ್ಯಾಲಯಗಳು ವಿರಳ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್ ಎಂಬ ಊರಿನಲ್ಲಿರುವ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಉತ್ತರಾರ್ಧದಿಂದ ನಡೆದುಬಂದಿರುವ ನವರಾತ್ರಿ ಉತ್ಸವವು ಅಂಥ ವಿರಳ ನಿದರ್ಶನಗಳಲ್ಲೊಂದು. ಉತ್ಸವವನ್ನಷ್ಟೇ ಕಂಡವರಿಗೆ ಅದು ಪರದೇಶದಲ್ಲಿ ನಡೆಯುವ ಹತ್ತಾರು ಭಾರತೀಯ ಕಾರ್ಯಕ್ರಮಗಳಲ್ಲಿ ಮತ್ತೊಂದಾಗಿ ತೋರಬಹುದು. ಆದರೆ ಅದರ ಬೇರು ಇರುವುದು ಅದಕ್ಕಿಂತ ಸುಮಾರು ಹದಿನೈದು ವರ್ಷ ಮೊದಲೇ ಆರಂಭವಾದ ಪಾಠದಲ್ಲಿ. ಆ ಪಾಠವನ್ನು ಕೊಟ್ಟವರು ಒಂದೇ ಮನೆತನದ ಮೂವರು ಒಡಹುಟ್ಟಿದವರು.

ವೆಸ್ಲಿಯನ್ 1831ರಲ್ಲಿ ಮೆಥಡಿಸ್ಟ್ ಪಂಥದ ಕ್ರೈಸ್ತರಿಂದ ಸ್ಥಾಪಿತವಾದ ವಿದ್ಯಾಸಂಸ್ಥೆ. ಇಪ್ಪತ್ತನೆಯ ಶತಮಾನದಲ್ಲಿ ಚರ್ಚಿನ ಅಧೀನದಿಂದ ಹೊರಬಂದಿತು. ಶಾಲಾ ಮಕ್ಕಳ ಪತ್ರಿಕೆಗಳನ್ನು ಹೊರತರುತ್ತಿದ್ದ ಪ್ರಕಾಶನ ಸಂಸ್ಥೆಯೊಂದರ ಒಡೆತನ ಅದಕ್ಕೆ 1949ರಲ್ಲಿ ದೊರೆತಿತ್ತು. 1965ರಲ್ಲಿ ಆ ಸಂಸ್ಥೆಯನ್ನು ಜೆರಾಕ್ಸ್ ಕಂಪನಿಗೆ ಮಾರಿದಾಗ ವಿಶ್ವವಿದ್ಯಾಲಯದ ನಿಧಿ ಬಹಳವಾಗಿ ಬೆಳೆಯಿತು. ಕಲೆಯ ಇತಿಹಾಸವನ್ನು ಬರೆಯುವವರು ಇಂಥ ಸಂಗತಿಗಳನ್ನು ಅಡಿಟಿಪ್ಪಣಿಗೂ ತರುವುದಿಲ್ಲ. ಆದರೆ ದೂರದ ಮದರಾಸಿನಿಂದ ಒಬ್ಬ ಮೃದಂಗ ವಿದ್ವಾಂಸರನ್ನು ಕರೆಸಿ, ಸಂಬಳ ಕೊಟ್ಟು, ನಾಲ್ಕಾರು ವಿದ್ಯಾರ್ಥಿಗಳಿಗಾಗಿ ವರ್ಷಗಟ್ಟಲೆ ಇರಿಸಿಕೊಳ್ಳುವುದು ಆಸ್ಥಾನಗಳಿಗೆ ಹೇಗೆ ವೆಚ್ಚದ ಬಾಬತ್ತಾಗಿತ್ತೋ ವಿಶ್ವವಿದ್ಯಾಲಯಕ್ಕೂ ಹಾಗೆಯೇ ಆಗಿತ್ತು ಎಂಬುದನ್ನು ಮರೆಯಲಾಗದು.

ಹಣವಿದ್ದ ಮಾತ್ರಕ್ಕೆ ಇದು ನಡೆಯಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದಲ್ಲಿ ಮ್ಯಾಂಟಲ್ ಹುಡ್ ಎಂಬ ವಿದ್ವಾಂಸರು ಜನಾಂಗೀಯ ಸಂಗೀತಶಾಸ್ತ್ರಕ್ಕೆ ಹೊಸದೊಂದು ನಿಯಮವನ್ನು ವಿಧಿಸಿದ್ದರು. ಪರದೇಶದ ಸಂಗೀತವನ್ನು ಕುರಿತು ಬರೆಯುವವನು ಮೊದಲು ಅದನ್ನು ನುಡಿಸಲು, ಹಾಡಲು ಕಲಿಯಬೇಕು. ಎರಡು ಭಾಷೆಗಳನ್ನು ಬಲ್ಲವನಂತೆ ಎರಡು ಸಂಗೀತಗಳನ್ನು ಬಲ್ಲವನಾಗಬೇಕು ಎಂಬುದು ಅವರು 1960ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ತಿರುಳು. ಅವರ ಶಿಷ್ಯ ರಾಬರ್ಟ್ ಬ್ರೌನ್ (1927–2005) 1950ರ ದಶಕದ ಕೊನೆಯಲ್ಲಿ ಮದರಾಸಿಗೆ ಬಂದು ಟಿ. ರಂಗನಾಥನ್ ಅವರಲ್ಲಿ ಮೃದಂಗ ಕಲಿತರು. ಮೃದಂಗವನ್ನೇ ಕುರಿತು ಪಿಎಚ್.ಡಿ. ಪ್ರಬಂಧ ಬರೆದರು. 1960ರ ದಶಕದ ಆರಂಭದಲ್ಲಿ ವೆಸ್ಲಿಯನ್‌ಗೆ ಅಧ್ಯಾಪಕರಾಗಿ ಬಂದಾಗ, ನವಾಹೋ ಬುಡಕಟ್ಟಿನ ಸಂಗೀತವನ್ನು ಅಭ್ಯಾಸ ಮಾಡಿದ್ದ ಡೇವಿಡ್ ಮ್ಯಾಕ್‌ಅಲೆಸ್ಟರ್ ಅವರ ಬೆಂಬಲ ಅವರಿಗೆ ದೊರೆಯಿತು. ‘ವಿಶ್ವಸಂಗೀತ’ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಬಳಕೆಗೆ ತಂದ ಶ್ರೇಯಸ್ಸು ಬ್ರೌನ್ ಅವರಿಗೆ ಸಲ್ಲುತ್ತದೆ. ಅದು ಮುಂದೆ 1987ರಲ್ಲಿ ಲಂಡನ್ನಿನ ಧ್ವನಿಮುದ್ರಿಕೆ ವ್ಯಾಪಾರಿಗಳ ಕೈಗೆ ಸಿಕ್ಕು ಅಂಗಡಿಯ ಹಲಗೆಯ ಮೇಲಿನ ಗುರುತಾಯಿತು. ಮೂಲದಲ್ಲಿ ಅದು ಪಾಠಪಟ್ಟಿಯ ಪದ.

ಬ್ರೌನ್ ಅವರು ಮನೆಯಲ್ಲಿ ನಡೆಸುತ್ತಿದ್ದ ಸಂಜೆಯ ಕಛೇರಿಗಳು ಆ ಕಾಲದ ವೆಸ್ಲಿಯನ್‌ನಲ್ಲಿ ಹೆಸರುವಾಸಿಯಾಗಿದ್ದವು. ಭಾರತೀಯ ಅಡುಗೆಯ ಊಟ ಮತ್ತು ಸಂಗೀತ ಎರಡೂ ಇದ್ದುದರಿಂದ ಅವುಗಳಿಗೆ ‘ಕರಿ ಕಛೇರಿ’ ಎಂಬ ಅಡ್ಡಹೆಸರೇ ಬಿದ್ದಿತ್ತು. ಊಟವನ್ನು ಮುಂದಿಟ್ಟು ಸಂಸ್ಕೃತಿಯನ್ನು ಉಣಬಡಿಸುವ ಈ ಕ್ರಮದಲ್ಲಿ ವಿಲಕ್ಷಣತೆಯ ಆಕರ್ಷಣೆಯೂ ಸೇರಿತ್ತೆಂದು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೂ ದಕ್ಷಿಣ ಭಾರತದ ಸಂಗೀತ ದೊಡ್ಡ ವೇದಿಕೆಗೆ ಏರುವ ಮೊದಲು ಮನೆಯ ಪಡಸಾಲೆಯಲ್ಲಿ, ಬಲ್ಲವರ ನಡುವೆ, ಹೊತ್ತಿನ ಪರಿವೆಯಿಲ್ಲದೆ ನಡೆಯುತ್ತಿದ್ದ ಕಲೆ. ವೀಣೆ ಧನಮ್ಮಾಳ್ ಅವರ ಮದರಾಸಿನ ಮನೆಯಲ್ಲಿ ನಡೆಯುತ್ತಿದ್ದ ಶುಕ್ರವಾರದ ಕಛೇರಿಗಳನ್ನು ಬಲ್ಲವರು ಬ್ರೌನ್ ಅವರ ಪಡಸಾಲೆಯನ್ನು ತೀರ ಹೊಸದೆಂದು ಭಾವಿಸಲಾರರು. ಆ ಧನಮ್ಮಾಳ್ ಅವರ ಮೊಮ್ಮಕ್ಕಳೇ ಮಿಡಲ್‌ಟೌನಿಗೆ ಬಂದದ್ದು ಇಲ್ಲಿನ ಮುಖ್ಯ ಸಂಗತಿ.

ವೀಣೆ ಧನಮ್ಮಾಳ್ (1867–1938) ತಂಜಾವೂರು ಆಸ್ಥಾನದ ನೆನಪನ್ನು ಹೊತ್ತ ದೇವದಾಸಿ ಮನೆತನಕ್ಕೆ ಸೇರಿದವರು. ಕ್ಷೇತ್ರಯ್ಯನ ಪದಗಳೂ ಜಾವಳಿಗಳೂ ಆ ಮನೆಯ ಆಸ್ತಿಯಾಗಿದ್ದವು. ಅವರ ಮಗಳು ಜಯಮ್ಮಾಳ್ ಗಾಯಕಿ. ಜಯಮ್ಮಾಳ್ ಅವರ ಮಕ್ಕಳಲ್ಲಿ ಬಾಲಸರಸ್ವತಿ (1918–1984) ನರ್ತಕಿ, ರಂಗನಾಥನ್ (1925–1987) ಮೃದಂಗ ವಿದ್ವಾಂಸರು, ವಿಶ್ವನಾಥನ್ (1927–2002) ವೇಣುವಾದಕರು. ಬಾಲಸರಸ್ವತಿಯವರ ಗುರು ಕಂದಪ್ಪ ಪಿಳ್ಳೈ ತಂಜಾವೂರು ಸಹೋದರರ ವಂಶದವರು. ಆ ಸಹೋದರರಲ್ಲೊಬ್ಬರಾದ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದು ನೆಲೆಸಿದ್ದರೆಂಬುದು ಕನ್ನಡ ಓದುಗರಿಗೆ ತಿಳಿದ ವಿಷಯವೇ. ಅಂದರೆ ಮೈಸೂರಿನ ನೃತ್ಯಕ್ಕೂ ಬಾಲಸರಸ್ವತಿಯವರ ನೃತ್ಯಕ್ಕೂ ಹಿಂದೆಲ್ಲೋ ಒಂದೇ ಮನೆಯ ಜತಿ, ವರ್ಣಗಳು ಆಧಾರವಾಗಿವೆ.

1947ರ ಮದರಾಸು ದೇವದಾಸಿ ನಿಷೇಧ ಕಾಯಿದೆ ಜಾರಿಗೆ ಬರುವ ಹೊತ್ತಿಗೆ ಈ ಮನೆತನಗಳ ಹೆಣ್ಣುಮಕ್ಕಳು ವೇದಿಕೆಯಿಂದ ಬಹುಮಟ್ಟಿಗೆ ದೂರವಾಗಿದ್ದರು. ‘ಸದಿರು’ ಎನಿಸಿಕೊಂಡಿದ್ದ ನೃತ್ಯ ‘ಭರತನಾಟ್ಯ’ವೆಂಬ ಹೆಸರಿನಲ್ಲಿ ಮೇಲುವರ್ಗದ ಕುಟುಂಬಗಳ ಕಲೆಯಾಯಿತು. ಕಾಯಿದೆಯ ಹಿಂದಿದ್ದ ಸಾಮಾಜಿಕ ಕಳಕಳಿಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕಲೆ ಗೌರವಾರ್ಹವಾದಾಗ ಅದನ್ನು ಕಾಪಾಡಿಕೊಂಡು ಬಂದವರಿಗೆ ಆ ಗೌರವ ಸಿಗಲಿಲ್ಲವೆಂಬುದೂ ಅಷ್ಟೇ ಸತ್ಯ. ಬಾಲಸರಸ್ವತಿ ಇದಕ್ಕೆ ಅಪವಾದವಾಗಿ ನಿಂತರು. 1957ರಲ್ಲಿ ಪದ್ಮಭೂಷಣ, 1973ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ, 1977ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1962ರಲ್ಲಿ ಅವರು ಅಮೆರಿಕದಲ್ಲಿ ನರ್ತಿಸಿದಾಗ ವೆಸ್ಲಿಯನ್‌ನಲ್ಲಿಯೂ ಇದ್ದರು. ಮುಂದೆ ಹಲವು ಬಾರಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದರು. ರಂಗನಾಥನ್ 1963ರಲ್ಲಿ ವೆಸ್ಲಿಯನ್ ಸೇರಿದರು. ನಡುವೆ ಕೆಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದು ಮರಳಿ ಬಂದರು. ವಿಶ್ವನಾಥನ್ 1960ರ ದಶಕದ ಮೊದಲ ವರ್ಷಗಳಲ್ಲಿ ಮದರಾಸು ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದವರು. 1970ರ ದಶಕದ ನಡುಭಾಗದಿಂದ ಕೊನೆಯವರೆಗೆ ವೆಸ್ಲಿಯನ್ನೇ ಅವರ ಕಾರ್ಯಕ್ಷೇತ್ರವಾಯಿತು. ತವರಿನಲ್ಲಿ ಸ್ಥಾನ ಕಳೆದುಕೊಂಡ ಪರಂಪರೆಯೊಂದು ಸಾವಿರಾರು ಮೈಲಿ ದೂರದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ ಹುದ್ದೆಯ ರೂಪದಲ್ಲಿ ನೆಲೆ ಕಂಡುಕೊಂಡಿತು.

ಈ ನೆಲೆಗೆ ಅದರದೇ ಆದ ಕಟ್ಟಳೆಗಳಿದ್ದವು. ಸೆಮಿಸ್ಟರ್ ಎಂದರೆ ಹದಿಮೂರು ಹದಿನಾಲ್ಕು ವಾರ. ವಿದ್ಯಾರ್ಥಿಗೆ ಇತಿಹಾಸ, ಗಣಿತ, ರಸಾಯನಶಾಸ್ತ್ರದ ನಡುವೆ ವಾರಕ್ಕೆರಡು ಬಾರಿ ಸಂಗೀತ. ಕೊನೆಯಲ್ಲಿ ಅಂಕ. ಗುರುವಿನ ಮನೆಯಲ್ಲಿದ್ದು ವರ್ಷಗಟ್ಟಲೆ ಕಿವಿ ತುಂಬಿಸಿಕೊಂಡ ಮೇಲೆ ಬಾಯಿ ತೆರೆಯುವ ಪದ್ಧತಿಗೆ ಇದು ನೇರ ವಿರುದ್ಧ. ಈ ಚೌಕಟ್ಟಿನೊಳಗೆ ಕಲೆಯ ಎಲ್ಲ ಅಂಗಗಳೂ ಸಮಾನವಾಗಿ ಹಿಡಿಸಲಿಲ್ಲವೆಂಬುದು ವೆಸ್ಲಿಯನ್ನಿನ ಅನುಭವದಿಂದ ಕಂಡುಬರುವ ಬಹುಮುಖ್ಯ ಸಂಗತಿ.

ಲಯ ಸುಲಭವಾಗಿ ಹಿಡಿಸಿತು. ಮೃದಂಗವನ್ನು ಮುಟ್ಟುವ ಮೊದಲು ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಸೊಲ್ಲುಕಟ್ಟುಗಳನ್ನು ಹೇಳಿಸುವುದು ನಮ್ಮಲ್ಲಿಯೂ ಇರುವ ಕ್ರಮ. ಇದಕ್ಕೆ ವಾದ್ಯ ಬೇಡ, ಭಾಷೆ ಬೇಡ, ಶ್ರುತಿಜ್ಞಾನವೂ ಬೇಡ. ಮೂರಕ್ಕೆ ‘ತಕಿಟ’, ನಾಲ್ಕಕ್ಕೆ ‘ತಕದಿಮಿ’, ಐದಕ್ಕೆ ‘ತದಿಗಿಣತೊಂ’ ಎಂದು ಎಣಿಕೆಯನ್ನು ಸೊಲ್ಲಾಗಿ ಮಾಡಿಕೊಂಡರೆ, ಆದಿತಾಳದ ಎಂಟು ಅಕ್ಷರಗಳೊಳಗೆ ಅವನ್ನು ಜೋಡಿಸುತ್ತ, ಕಾಲ ಬದಲಿಸುತ್ತ, ಮೂರು ಬಾರಿ ಹೇಳಿ ಸಮಕ್ಕೆ ತಂದು ನಿಲ್ಲಿಸುವ ಮುಕ್ತಾಯದವರೆಗೆ ಒಂದೇ ಸೆಮಿಸ್ಟರಿನಲ್ಲಿ ಸಾಗಬಹುದು. ಪಾಶ್ಚಾತ್ಯ ಸಂಗೀತ ರಚನೆಯನ್ನು ಅಭ್ಯಾಸ ಮಾಡುವವರಿಗೂ ಡ್ರಮ್ ವಾದಕರಿಗೂ ಇದು ಕೂಡಲೇ ಉಪಯೋಗಕ್ಕೆ ಬರುವ ವಿದ್ಯೆ. ರಂಗನಾಥನ್ ಅವರ ಶಿಷ್ಯ ಡೇವಿಡ್ ನೆಲ್ಸನ್ ತನಿ ಆವರ್ತನವನ್ನು ಕುರಿತು 1991ರಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು, 2008ರಲ್ಲಿ ಅವರು ಬರೆದ ಸೊಲ್ಲುಕಟ್ಟಿನ ಪಾಠಪುಸ್ತಕವನ್ನು ವೆಸ್ಲಿಯನ್ ವಿಶ್ವವಿದ್ಯಾಲಯದ ಮುದ್ರಣಾಲಯವೇ ಪ್ರಕಟಿಸಿತು.

ರಾಗದ ವಿಷಯ ಹಾಗಲ್ಲ. ಆರೋಹಣ ಅವರೋಹಣಗಳನ್ನು ಒಂದು ಗಂಟೆಯಲ್ಲಿ ಹೇಳಿಕೊಡಬಹುದು. ತೋಡಿಯ ಗಾಂಧಾರ ಎಷ್ಟು ಅಲುಗಬೇಕೆಂಬುದನ್ನು ಹೇಳಿಕೊಡಲಾಗದು, ಕೇಳಿಸಬೇಕು. ವಿಶ್ವನಾಥನ್ ಅವರು ಎದುರು ಕೂರಿಸಿಕೊಂಡು ಹಾಡಿ ಹಾಡಿಸುವ ಕ್ರಮವನ್ನು ಬಿಡಲಿಲ್ಲ. ಅವರು ಕೊಳಲು ನುಡಿಸುತ್ತಿದ್ದರೂ ಅವರ ಪಾಠದ ಮೂಲ ಗಾಯನವೇ ಆಗಿತ್ತು. ಕಛೇರಿಯಲ್ಲಿ ಕೊಳಲನ್ನು ಇಳಿಸಿ ಹಾಡುವುದೂ ಇತ್ತು. ಅದೇ ವೇಳೆಗೆ ಅವರು ರಾಗಾಲಾಪನೆಯನ್ನು ಕುರಿತು ಪ್ರಬಂಧ ಬರೆದು 1975ರಲ್ಲಿ ವೆಸ್ಲಿಯನ್ನಿನಿಂದಲೇ ಪಿಎಚ್.ಡಿ. ಪದವಿ ಪಡೆದರು. ಧನಮ್ಮಾಳ್ ಅವರ ಮೊಮ್ಮಗನಿಗೆ ಆಲಾಪನೆಯ ವಿಷಯದಲ್ಲಿ ಪದವಿಯ ಅಗತ್ಯವಿತ್ತೇ ಎಂಬ ಪ್ರಶ್ನೆ ಏಳುವುದು ಸಹಜ. ವಿಶ್ವವಿದ್ಯಾಲಯದಲ್ಲಿ ನಡೆಯುವ ನಾಣ್ಯ ಅದು. ಪರಂಪರೆ ತನ್ನ ತಿಳಿವನ್ನು ಆ ನಾಣ್ಯಕ್ಕೆ ಬದಲಾಯಿಸಿಕೊಳ್ಳಬೇಕಾಯಿತು. ಹಾಗೆ ಬದಲಾಯಿಸಿಕೊಂಡುದರಿಂದಲೇ ರಾಗದ ಒಳನಡೆಯನ್ನು ಕುರಿತ ಕಲಾವಿದನ ಸ್ವಂತ ವಿವರಣೆ ಬರಹದಲ್ಲಿ ದೊರೆಯುವಂತಾಯಿತು ಎಂಬುದೂ ನಿಜ. ಅವರು ಶಿಷ್ಯ ಮ್ಯಾಥ್ಯೂ ಅಲೆನ್ ಅವರೊಡನೆ ಬರೆದ ದಕ್ಷಿಣ ಭಾರತೀಯ ಸಂಗೀತದ ಪುಸ್ತಕ, ಅವರ ನಿಧನಾನಂತರ, 2004ರಲ್ಲಿ ಹೊರಬಂದಿತು.

ಎಲ್ಲಕ್ಕಿಂತ ನಿಧಾನವಾಗಿ ಸಾಗಿದ್ದು ಸಾಹಿತ್ಯ ಮತ್ತು ಅಭಿನಯ. ಇಲ್ಲಿ ಕನ್ನಡದ ಕೃತಿಯೊಂದರ ಉದಾಹರಣೆ ಒದಗುತ್ತದೆ. ವ್ಯಾಸರಾಯರ (1460–1539) ‘ಕೃಷ್ಣಾ ನೀ ಬೇಗನೆ ಬಾರೋ’ ಯಮುನಾಕಲ್ಯಾಣಿ ರಾಗದಲ್ಲಿ ಪ್ರಸಿದ್ಧವಾಗಿರುವ ಪದ. ಬಾಲಸರಸ್ವತಿಯವರ ಅಭಿನಯದಿಂದ ಅದು ನೃತ್ಯವೇದಿಕೆಯ ಅಚ್ಚುಮೆಚ್ಚಿನ ಕೃತಿಯಾಯಿತು. ಸತ್ಯಜಿತ್ ರಾಯ್ 1976ರಲ್ಲಿ ಅವರನ್ನು ಕುರಿತು ತೆಗೆದ ‘ಬಾಲಾ’ ಎಂಬ ಸಾಕ್ಷ್ಯಚಿತ್ರದಲ್ಲಿ ಅವರು ಸಮುದ್ರತೀರದಲ್ಲಿ, ಬೀಸುವ ಗಾಳಿಯಲ್ಲಿ, ಇದನ್ನೇ ಅಭಿನಯಿಸುತ್ತಾರೆ. ತಮಿಳು ಮನೆಮಾತಿನ ನರ್ತಕಿ, ಬಂಗಾಳಿ ನಿರ್ದೇಶಕ, ಕನ್ನಡದ ಪದ. ಮಿಡಲ್‌ಟೌನಿನ ಪ್ರೇಕ್ಷಕರಿಗೆ ಕನ್ನಡ ಬಾರದೆಂಬುದು ಕೊರತೆಯೇನೋ ಹೌದು; ಆದರೆ ಮದರಾಸಿನ ಸಭೆಗಳಲ್ಲಿಯೂ ತೆಲುಗಿನ ಪದ, ಕನ್ನಡದ ದೇವರನಾಮಗಳು ಬಹುಮಂದಿಗೆ ಅನ್ಯಭಾಷೆಯವೇ ಆಗಿದ್ದವು. ಮಗುವನ್ನು ಕರೆಯುವ ತಾಯಿಯ ಭಾವವನ್ನು ಕೈ ಕಣ್ಣುಗಳು ಒಯ್ದು ಮುಟ್ಟಿಸಬೇಕಾದ ಹೊಣೆ ಎರಡೂ ಕಡೆ ಒಂದೇ. ಪ್ರೇಕ್ಷಕನಿಗೆ ಇಷ್ಟು ಸಾಕಾಗಬಹುದು. ಕಲಿಯುವವನಿಗೆ ಸಾಲದು.

ಕಲಿಯುವವರಲ್ಲಿ ಈ ಅಂತರವನ್ನು ದಾಟಿದವರೆಂದರೆ ಜಾನ್ ಹಿಗಿನ್ಸ್ (1939–1984). ಅವರು ವೆಸ್ಲಿಯನ್ನಿನಲ್ಲಿಯೇ ಪದವಿ, ಸ್ನಾತಕೋತ್ತರ ಪದವಿ, ಪಿಎಚ್.ಡಿ. ಮೂರನ್ನೂ ಪಡೆದವರು. ವಿದ್ಯಾರ್ಥಿಯಾಗಿದ್ದಾಗ ಅಲ್ಲಿ ಬಾಲಸರಸ್ವತಿ ಮತ್ತು ರಂಗನಾಥನ್ ಅವರ ಸಂಗೀತದ ಪರಿಚಯವಾಗಿ, 1964ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಮದರಾಸಿಗೆ ಬಂದು ವಿಶ್ವನಾಥನ್ ಅವರಲ್ಲಿ ಗಾಯನ ಕಲಿತರು. 1965ರಲ್ಲಿ ತಿರುವೈಯಾರಿನ ತ್ಯಾಗರಾಜ ಆರಾಧನೆಯಲ್ಲಿ ಹಾಡಿದರು. ರಸಿಕರು ಅವರನ್ನು ‘ಹಿಗಿನ್ಸ್ ಭಾಗವತರು’ ಎಂದು ಕರೆದರು. ಅವರು ಹಾಡಿದ ‘ಕೃಷ್ಣಾ ನೀ ಬೇಗನೆ ಬಾರೋ’ ಧ್ವನಿಮುದ್ರಿಕೆಯ ಮೂಲಕ ಕರ್ನಾಟಕದ ಮನೆಗಳನ್ನೂ ತಲುಪಿತು. ಅವರ ಸಂಶೋಧನೆಯ ವಿಷಯ ಭರತನಾಟ್ಯದ ಸಂಗೀತ. ಅಂದರೆ ಸಾಹಿತ್ಯ, ರಾಗ, ಅಭಿನಯ ಒಂದಕ್ಕೊಂದು ಹೆಣೆದುಕೊಂಡಿರುವ ಭಾಗವನ್ನೇ ಅವರು ಆರಿಸಿಕೊಂಡರು. 1971ರಲ್ಲಿ ಟೊರಾಂಟೊ ನಗರದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೃದಂಗ ವಿದ್ವಾನ್ ತಿರುಚ್ಚಿ ಶಂಕರನ್ ಅವರೊಡನೆ ಭಾರತೀಯ ಸಂಗೀತದ ವ್ಯಾಸಂಗವನ್ನು ಆರಂಭಿಸಿ, 1978ರಲ್ಲಿ ವೆಸ್ಲಿಯನ್ನಿಗೆ ಮರಳಿ ಅಲ್ಲಿನ ಕಲಾಕೇಂದ್ರದ ನಿರ್ದೇಶಕರಾದರು. 1984ರ ಡಿಸೆಂಬರಿನಲ್ಲಿ ಕುಡಿದು ವಾಹನ ಓಡಿಸುತ್ತಿದ್ದವನೊಬ್ಬನಿಂದ ರಸ್ತೆಯಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡಾಗ ಅವರಿಗೆ ನಲವತ್ತೈದು ವರ್ಷ. ಅದೇ ವರ್ಷದ ಫೆಬ್ರವರಿಯಲ್ಲಿ ಬಾಲಸರಸ್ವತಿ ನಿಧನರಾಗಿದ್ದರು.

ಹಿಗಿನ್ಸ್ ಅವರ ಸಾಧನೆಯನ್ನು ವೆಸ್ಲಿಯನ್ನಿನ ಪಾಠಕ್ರಮದ ಫಲವೆಂದು ಕೊಂಡಾಡುವಾಗ ಒಂದು ಎಚ್ಚರ ಅಗತ್ಯ. ಅವರು ಗಾಯಕರಾದದ್ದು ಸೆಮಿಸ್ಟರುಗಳ ಲೆಕ್ಕದಲ್ಲಿ ಅಲ್ಲ. ಮದರಾಸಿನಲ್ಲಿ ಗುರುವಿನ ಬಳಿ ಕಳೆದ ವರ್ಷಗಳಲ್ಲಿ. ವಿಶ್ವವಿದ್ಯಾಲಯ ಮಾಡಿದ್ದು ಆ ಗುರುವಿನ ಮನೆಯ ದಾರಿಯನ್ನು ತೋರಿಸುವ ಕೆಲಸ. ಅದೂ ಸಣ್ಣದಲ್ಲ.

ಇಷ್ಟು ಪಾಠ ನಡೆದ ಮೇಲೆ ಬಂದದ್ದು ನವರಾತ್ರಿ ಉತ್ಸವ. ಕರ್ನಾಟಕದಲ್ಲಿ ನವರಾತ್ರಿಯೆಂದರೆ ಬೊಂಬೆ ಹಬ್ಬ, ಅರಮನೆಯ ಸಂಗೀತ ಕಛೇರಿಗಳು, ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನಿಟ್ಟು ಮಾಡುವ ಸರಸ್ವತೀ ಪೂಜೆ, ಮಹಾನವಮಿಯ ಆಯುಧಪೂಜೆ. ತಮಿಳು ಸಂಗೀತಗಾರರ ಮನೆಗಳಲ್ಲಿಯೂ ವೀಣೆ ಮೃದಂಗಗಳಿಗೆ ಪೂಜೆ ಸಲ್ಲುವ ಕಾಲ ಅದು. ವೆಸ್ಲಿಯನ್ನಿನಲ್ಲಿ ಒಂಬತ್ತು ರಾತ್ರಿಗಳು ಅಕ್ಟೋಬರಿನ ಒಂದು ವಾರಾಂತ್ಯಕ್ಕೆ, ಮೂರು ನಾಲ್ಕು ದಿನಗಳಿಗೆ ಇಳಿದವು; ಪಂಚಾಂಗಕ್ಕಿಂತ ತರಗತಿಯ ವೇಳಾಪಟ್ಟಿ ಬಲವಾದದ್ದು. ಒಂದು ಉಪನ್ಯಾಸ, ಅಲ್ಲಿನ ಅಧ್ಯಾಪಕರ ಕರ್ನಾಟಕ ಸಂಗೀತ ಕಛೇರಿ, ಭಾರತದಿಂದ ಬಂದ ಕಲಾವಿದರ ಕಛೇರಿ, ಹಿಂದೂಸ್ತಾನಿ ಸಂಗೀತ, ನೃತ್ಯ, ಭಾನುವಾರ ಬೆಳಿಗ್ಗೆ ಸರಸ್ವತೀ ಪೂಜೆ: ಇದು ಕಾಲಕ್ರಮದಲ್ಲಿ ರೂಪುಗೊಂಡ ಅಂದಾಜು ಕ್ರಮ. ಪೂಜೆ ನಡೆಯುವುದು ವಿಶ್ವಸಂಗೀತ ಸಭಾಂಗಣವೆಂಬ ಕೊಠಡಿಯಲ್ಲಿ, ಜಾವಾ ದ್ವೀಪದ ಗಮೆಲನ್ ವಾದ್ಯಗಳಿಗೆ ಮೀಸಲಾದ ಎಡೆಯಲ್ಲಿ. ಬಂದವರು ತಮ್ಮ ವಾದ್ಯಗಳನ್ನೂ ಹಸ್ತಪ್ರತಿಗಳನ್ನೂ ತಂದಿಟ್ಟು ಪೂಜೆ ಮಾಡಿಸಿಕೊಳ್ಳಬಹುದು.

ಚರ್ಚಿನಿಂದ ಬೇರ್ಪಟ್ಟ ವಿದ್ಯಾಸಂಸ್ಥೆಯಲ್ಲಿ ಹಿಂದೂ ಪೂಜೆ ನಡೆಯುವುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಅದನ್ನು ಧಾರ್ಮಿಕ ವಿಧಿಯೆಂದಾಗಲಿ, ಕಲಾಪ್ರದರ್ಶನದ ಭಾಗವೆಂದಾಗಲಿ ಹೇಳಿ ಮುಗಿಸುವಂತಿಲ್ಲ. ಕಲಿಯುವವನಿಗೆ ವಾದ್ಯ ಕೇವಲ ಸಾಮಗ್ರಿಯಲ್ಲವೆಂದು ಮಾತಿನಲ್ಲಿ ಹೇಳುವುದಕ್ಕೂ, ಅವನ ವಾದ್ಯವನ್ನು ಒಂದು ಬೆಳಿಗ್ಗೆ ಅವನ ಕೈಯಿಂದ ತೆಗೆದು ಹೂವಿನ ನಡುವೆ ಇಡುವುದಕ್ಕೂ ವ್ಯತ್ಯಾಸವಿದೆ. ಈ ಪೂಜೆಯನ್ನು ಬೋಧನೆಯ ಮುಂದುವರಿಕೆಯಾಗಿ ಕಾಣುವುದೇ ಹೆಚ್ಚು ಸಮಂಜಸ.

ಉತ್ಸವದ ಸಭೆಯ ಸ್ವರೂಪವೂ ಬದಲಾಯಿತು. 1960ರ ದಶಕದಲ್ಲಿ ಕೇಳುತ್ತಿದ್ದವರು ಬಹುತೇಕ ಅಮೆರಿಕನ್ ವಿದ್ಯಾರ್ಥಿಗಳು, ಅಧ್ಯಾಪಕರು. 1965ರ ವಲಸೆ ಕಾಯಿದೆಯ ನಂತರ ಭಾರತದಿಂದ ಬಂದ ವೈದ್ಯರು, ಎಂಜಿನಿಯರುಗಳ ಕುಟುಂಬಗಳು ಕನೆಕ್ಟಿಕಟ್‌ನಲ್ಲಿಯೂ ನೆಲೆಸಿ, ತಮ್ಮ ಮಕ್ಕಳಿಗೆ ಸಂಗೀತ ನೃತ್ಯ ಕಲಿಸಲಾರಂಭಿಸಿದವು. ಮಿಡಲ್‌ಟೌನಿನಲ್ಲಿ ದೇವಾಲಯವೂ ಎದ್ದಿತು. ಒಂದೇ ಸಭೆಯಲ್ಲಿ ಎರಡು ಬಗೆಯ ನಿರೀಕ್ಷೆಗಳು ಸೇರಿದವು. ಒಬ್ಬರಿಗೆ ಅದು ಹೊಸ ಜ್ಞಾನ, ಇನ್ನೊಬ್ಬರಿಗೆ ಬಿಟ್ಟುಬಂದ ಮನೆ. ಪಾಠದ ಬೆನ್ನೆಲುಬು ಇಲ್ಲದ ಕಡೆಗಳಲ್ಲಿ ಇಂಥ ಉತ್ಸವಗಳು ಎರಡನೆಯ ನಿರೀಕ್ಷೆಗೆ ಪೂರ್ತಿಯಾಗಿ ಒಲಿದು ಹಬ್ಬದೂಟದ ಕೂಟಗಳಾಗುವುದುಂಟು.

ಇದೇ ದಶಕದಲ್ಲಿ ಕರ್ನಾಟಕದಲ್ಲಿಯೂ ಹೋಲಿಸಬಹುದಾದ ಪ್ರಯತ್ನ ನಡೆದಿತ್ತು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅದರ ಮೊದಲ ರೀಡರ್ ಆಗಿ ನೇಮಕಗೊಂಡವರು ಕೆ. ವೆಂಕಟಲಕ್ಷಮ್ಮ (1906–2002). ಕಡೂರಿನ ಬಳಿಯ ತಾಂಡಾದಲ್ಲಿ ಲಂಬಾಣಿ ಕುಟುಂಬದಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರಲ್ಲಿ ಕಲಿತು, 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಆಸ್ಥಾನ ವಿದುಷಿಯಾದವರು ಅವರು. ಆಸ್ಥಾನ ಇಲ್ಲವಾದ ಮೇಲೆ ವಿಶ್ವವಿದ್ಯಾಲಯ ಆ ಕಲೆಗೆ ಆಶ್ರಯವಾದದ್ದು ಬಾಲಸರಸ್ವತಿಯವರ ಮನೆತನದ ಕಥೆಯನ್ನೇ ಹೋಲುತ್ತದೆ. ವ್ಯತ್ಯಾಸವಿರುವುದು ಕಾಲದಲ್ಲಿ. ವೆಂಕಟಲಕ್ಷಮ್ಮನವರು 1974ರಲ್ಲಿ ನಿವೃತ್ತರಾದರು, ಒಂಬತ್ತು ವರ್ಷ. ನಿವೃತ್ತಿ ವಯಸ್ಸಿನ ನಿಯಮ ಕಲೆಯ ಪಕ್ವತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1992ರಲ್ಲಿ ಪದ್ಮಭೂಷಣ ಬಂದಾಗ ಅವರಿಗೆ ಎಂಬತ್ತೈದು ವರ್ಷ ದಾಟಿತ್ತು. ಮೈಸೂರು ಶೈಲಿಯ ಅಭಿನಯ ಮುಂದುವರಿದದ್ದು ಅವರಲ್ಲಿ ಆಸ್ಥೆಯಿಂದ ಕಲಿತ ಶಿಷ್ಯೆಯರ ಮೂಲಕ. ವಿಶ್ವನಾಥನ್ ಅವರು ಅತ್ತ ಎಪ್ಪತ್ತೈದನೆಯ ವಯಸ್ಸಿನವರೆಗೆ ಪಾಠ ಹೇಳುತ್ತಲೇ ಇದ್ದರು. ಇಬ್ಬರೂ ತೀರಿಕೊಂಡದ್ದು 2002ರಲ್ಲಿ, ಎರಡು ತಿಂಗಳಷ್ಟು ಅಂತರದಲ್ಲಿ.

ವಿಶ್ವನಾಥನ್ ಅವರ ನಂತರ ಪಾಠ ನಿಲ್ಲಲಿಲ್ಲ. ಗಾಯನವನ್ನು ಅವರ ಶಿಷ್ಯ ಬಿ. ಬಾಲಸುಬ್ರಹ್ಮಣ್ಯನ್, ಮೃದಂಗವನ್ನು ರಂಗನಾಥನ್ ಅವರ ಶಿಷ್ಯ ಡೇವಿಡ್ ನೆಲ್ಸನ್ ಮುಂದುವರಿಸಿದರು. ಹುಟ್ಟಿನ ಬಂಧುತ್ವ ಕಳಚಿ ಪಾಠದ ಬಂಧುತ್ವ ಉಳಿಯಿತು. ನೃತ್ಯ ವಿಭಾಗದಲ್ಲಿ ಹರಿ ಕೃಷ್ಣನ್ ಅವರು ದೇವದಾಸಿ ಮನೆತನಗಳ ನೃತ್ಯವನ್ನು ಸಂಶೋಧನೆಗೂ ಪಾಠಕ್ಕೂ ತಂದರು. ಚಲನಚಿತ್ರ ಮತ್ತು ಭರತನಾಟ್ಯದ ಸಂಬಂಧವನ್ನು ಕುರಿತ ಅವರ ಗ್ರಂಥ 2019ರಲ್ಲಿ ಪ್ರಕಟವಾಯಿತು. ಬಾಲಸರಸ್ವತಿಯವರ ಜೀವನಚರಿತ್ರೆಯನ್ನು ಅವರ ಅಳಿಯ ಡಗ್ಲಸ್ ನೈಟ್ ಬರೆದರು. ಅದನ್ನು 2010ರಲ್ಲಿ ಹೊರತಂದದ್ದೂ ವೆಸ್ಲಿಯನ್ನಿನ ಮುದ್ರಣಾಲಯವೇ. ಆವರಣದಲ್ಲಿ ನಡೆದ ಕಛೇರಿಗಳ ಧ್ವನಿಮುದ್ರಣಗಳು ಗ್ರಂಥಾಲಯದ ವಿಶ್ವಸಂಗೀತ ಸಂಗ್ರಹದಲ್ಲಿವೆ. ಒಂದು ಸೆಮಿಸ್ಟರಿಗೆ ಒಗ್ಗದೆ ಉಳಿದ ಪದ, ಜಾವಳಿಗಳ ನಿಧಾನ ಗತಿಯನ್ನು ಅಭ್ಯಾಸ ಮಾಡಬಯಸುವವರು ಆ ಸುರುಳಿಗಳಿಗೆ ಕಿವಿಗೊಡಬೇಕಾಗುತ್ತದೆ.